ಶಾಕಬ್ಸರ್ ತಪ್ಪೋ, ಸ್ಪ್ರಿಂಗ್ ತಪ್ಪೋ? ಮಣ್ಣು ದಾರಿಯ ಗಾಡಿಗೆ ದೋಷ ನಿವಾರಣೆ ಕೈಪಿಡಿ

ಮಲೆನಾಡಿನಲ್ಲಿ ಮಳೆ ಬಿಡುತ್ತಿದ್ದ ಹಾಗೆ ಒಂದೇ ಪ್ರಶ್ನೆ ಶುರುವಾಗುತ್ತದೆ. “ಗಾಡಿಗೆ ಯಾವ ಶಾಕಬ್ಸರ್ ಹಾಕಿಸಲಿ?” ನಾನು ತಿರುಗಿ ಕೇಳುವುದೂ ಒಂದೇ. “ಈಗ ಗಾಡಿ ಏನು ಮಾಡ್ತಿದೆ?” ಇದಕ್ಕೆ ಸರಿಯಾದ ಉತ್ತರ ಸಿಗುವುದು ಅಪರೂಪ. “ಯಾಕೋ ಸರಿಯಿಲ್ಲ” ಅನ್ನುತ್ತಾರೆ. ಆ ಸರಿಯಿಲ್ಲ ಅನ್ನುವುದರಲ್ಲಿ ಏಳೆಂಟು ಬಗೆ ಇದೆ. ಅದರಲ್ಲಿ ಎಷ್ಟೋ ಸಲ ಶಾಕಬ್ಸರ್ ಕಾರಣವೇ ಆಗಿರುವುದಿಲ್ಲ.

ನಾನೂ ಇದನ್ನು ದುಡ್ಡು ಕೊಟ್ಟೇ ಕಲಿತೆ. ನನ್ನದು 2020ರ ನಂತರದ ಮಾದರಿಯ ಥಾರ್. ಮುಂದೆ ಡಬಲ್ ವಿಶ್‌ಬೋನ್ (ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳು), ಹಿಂದೆ ಗಟ್ಟಿ ಆಕ್ಸಲ್ (ಎರಡೂ ಚಕ್ರಕ್ಕೆ ಸೇರಿ ಒಂದೇ ಅಡ್ಡ ದಂಡ), ಎರಡೂ ಕಡೆ ಕಾಯಿಲ್ ಸ್ಪ್ರಿಂಗ್. ಅದಕ್ಕೆ ದುಬಾರಿ ಮೊನೊಟ್ಯೂಬ್ (ಒಂದೇ ಕೊಳವೆಯ) ಶಾಕಬ್ಸರ್ ಹಾಕಿಸಿದೆ. ಮೊದಲ ದಿನದಿಂದಲೇ ಗಾಡಿ ಗಡಸು. ನಾಲ್ಕು ತಿಂಗಳಲ್ಲಿ ಮುಂದಿನಿಂದ ಕಟಕಟ ಸದ್ದು. ಶಾಕಬ್ಸರೇ ಕೆಟ್ಟದ್ದು ಎಂದು ಬೈದುಕೊಂಡು ವಾಪಸ್ ಕೊಡಲು ಹೊರಟಿದ್ದೆ. ಸಕಲೇಶಪುರದ ಮೇಸ್ತ್ರಿ ಒಬ್ಬರು ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿದರು. “ಸಾರ್, ಮಾಲ್ ಚೆನ್ನಾಗೇ ಇದೆ. ಟೈಟ್ ಮಾಡಿರೋದು ತಪ್ಪು” ಅಂದರು. ಹರಿದಿದ್ದು ಕೆಳತೋಳಿನ ರಬ್ಬರ್ ಬುಷ್, ಅಂದರೆ ತೋಳಿಗೆ ಬೋಲ್ಟ್ ಹಾಕುವ ಕಡೆ ಇರುವ ರಬ್ಬರ್ ಬಳೆ. ಯಾಕೆ ಹರಿಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಹೊಸ ಶಾಕಬ್ಸರ್ ಹಾಕಿಸಿದವರೆಲ್ಲ ತಿಳಿದಿರಬೇಕಾದ ವಿಷಯ ಅದು.

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳೋಣ. ಗಾಡಿಯ ತೂಕ ಹೊರುವುದು ಸ್ಪ್ರಿಂಗ್. ಶಾಕಬ್ಸರ್ ತೂಕ ಹೊರುವುದಿಲ್ಲ. ಸ್ಪ್ರಿಂಗ್ ಕುಣಿಯುವುದನ್ನು ಅದು ತಡೆಯುತ್ತದೆ, ಅಷ್ಟೇ. ಒಳಗಿನ ಪಿಸ್ಟನ್ ಸಣ್ಣ ತೂತು ಮತ್ತು ತಗಡಿನ ಬಿಲ್ಲೆಯಂಥ ತೆಳು ಶಿಮ್‌ಗಳ ಮೂಲಕ ಎಣ್ಣೆಯನ್ನು ನೂಕುತ್ತದೆ. ಆ ಗುದ್ದಾಟದಲ್ಲಿ ಕುಣಿತವೆಲ್ಲ ಬಿಸಿಯಾಗಿ ಹೊರಗೆ ಹೋಗುತ್ತದೆ. ಒತ್ತಿಕೊಳ್ಳುವಾಗಿನ ತಡೆಗೆ ಕಂಪ್ರೆಷನ್ ಎನ್ನುತ್ತಾರೆ, ಬಿಚ್ಚಿಕೊಳ್ಳುವಾಗಿನ ತಡೆಗೆ ರೀಬೌಂಡ್.

ಕುಣಿತದಲ್ಲಿ ಎರಡು ತಾಳ ಇದೆ. ಗಾಡಿಯ ಮೈ ನಿಧಾನಕ್ಕೆ ತೂಗುತ್ತದೆ, ಸೆಕೆಂಡಿಗೆ ಒಂದೆರಡು ಸಲ. ಚಕ್ರ ಮತ್ತು ಆಕ್ಸಲ್ ವೇಗವಾಗಿ ನಡುಗುತ್ತವೆ, ಸೆಕೆಂಡಿಗೆ ಹತ್ತರಿಂದ ಹದಿನೈದು ಸಲ. ನಿಮ್ಮ ಹೊಟ್ಟೆ ತೊಳೆಸುತ್ತಿದ್ದರೆ ಅದು ಮೈಯ ತೂಗಾಟ. ಡ್ಯಾಶ್‌ಬೋರ್ಡ್ ಗಡಗಡ ಅನ್ನುತ್ತಿದ್ದರೆ ಚಕ್ರದ ನಡುಕ. ಈ ವ್ಯತ್ಯಾಸ ಗೊತ್ತಾದರೆ ಅರ್ಧ ಪತ್ತೆ ಆದ ಹಾಗೆ.

ಕೈ ಹಾಕುವ ಮೊದಲು

ಸಮತಟ್ಟಾದ ಗಟ್ಟಿ ನೆಲ ಬೇಕು. ತೋಟದ ಹಸಿ ಮಣ್ಣಿನ ಮೇಲೆ ಜಾಕಿ ಹಾಕಬೇಡಿ, ಅದು ಕುಸಿಯುತ್ತದೆ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಲೇಬಾರದು. ಸ್ಟ್ಯಾಂಡ್ ಕೊಟ್ಟು, ನೆಲದ ಮೇಲಿರುವ ಚಕ್ರಕ್ಕೆ ಕಲ್ಲೋ ಮರದ ತುಂಡೋ ಇಡಿ.

ಮುಂದಿನ ಕಾಯಿಲ್ ಮತ್ತು ಶಾಕಬ್ಸರ್ ಒಂದೇ ಜೋಡಣೆಯಾಗಿದ್ದರೆ ಅದರ ನೆತ್ತಿಯ ನಟ್ಟನ್ನು ಮನೆಯಲ್ಲಿ ಬಿಚ್ಚಬೇಡಿ. ಅಲ್ಲಿ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ. ಹಾರಿದರೆ ದವಡೆ ಉಳಿಯುವುದಿಲ್ಲ. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿಗೇ ಕೊಡಿ. ಗ್ಯಾಸ್ ತುಂಬಿದ ಶಾಕಬ್ಸರಿಗೆ ತೂತು ಕೊರೆಯುವುದು, ಬೆಂಕಿ ಹಿಡಿಯುವುದು, ವೆಲ್ಡಿಂಗ್ ಮಾಡುವುದು ಯಾವುದೂ ಬೇಡ. ಕೆಟ್ಟುಹೋದ ಹಳೆಯದಕ್ಕೂ ಇದೇ ಮಾತು.

ಲಕ್ಷಣ: ಹಂಪ್ ದಾಟಿದ ಮೇಲೂ ತೂಗುತ್ತಲೇ ಇರುತ್ತದೆ

ದೋಣಿಯಲ್ಲಿ ಕೂತ ಹಾಗಾಗುತ್ತದೆ. ಬ್ರೇಕ್ ಹಾಕಿದರೆ ಮೂತಿ ಮುಳುಗುತ್ತದೆ. ತಿರುವಿನಲ್ಲಿ ವಾಲಿ, ಎದ್ದು, ಮತ್ತೆ ವಾಲುತ್ತದೆ. ಶಾಕಬ್ಸರ್ ನಿಜವಾಗಿ ಸೋತಾಗ ಕಾಣುವ ಗುರುತು ಇದೇ.

ಖರ್ಚಿಲ್ಲದ ಪರೀಕ್ಷೆ ಎಲ್ಲರಿಗೂ ಗೊತ್ತು. ಒಂದು ಮೂಲೆಯನ್ನು ಮೈಭಾರ ಹಾಕಿ ಎರಡು ಮೂರು ಸಲ ಒತ್ತಿ ಬಿಟ್ಟುಬಿಡಿ. ಒಮ್ಮೆ ಎದ್ದು ಕೂತರೆ ಸರಿ. ಎರಡು ಮೂರು ಸಲ ತೂಗಿದರೆ ಸಂಶಯ. ಆದರೆ ಈ ಪರೀಕ್ಷೆಯನ್ನು ಜಾಸ್ತಿ ನಂಬಬೇಡಿ. ಜಿಪ್ಸಿಯಂಥ ಪ್ಲೇಟ್ ಸ್ಪ್ರಿಂಗಿನ ಗಾಡಿಯಲ್ಲಿ ಪ್ಲೇಟುಗಳ ಉಜ್ಜಾಟವೇ ತಡೆ ಕೊಡುತ್ತದೆ. ಶಾಕಬ್ಸರ್ ಸತ್ತಿದ್ದರೂ ಅದು ಪಾಸಾಗಿಬಿಡುತ್ತದೆ.

ಇದಕ್ಕಿಂತ ಒಳ್ಳೆಯದು ಬಿಸಿ ನೋಡುವುದು. ಒರಟು ದಾರಿಯಲ್ಲಿ ಐದಾರು ಕಿಲೋಮೀಟರ್ ಓಡಿಸಿ. ನಿಲ್ಲಿಸಿದ ಕೂಡಲೇ ನಾಲ್ಕೂ ಶಾಕಬ್ಸರ್ ಹತ್ತಿರ ಅಂಗೈಯ ಹಿಂಭಾಗ ಹಿಡಿಯಿರಿ. ನೇರವಾಗಿ ಮುಟ್ಟಬೇಡಿ, ಸುಡುವಷ್ಟು ಬಿಸಿ ಇರಬಹುದು. ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಇದ್ದರೆ ಇನ್ನೂ ಒಳ್ಳೆಯದು. ಒಂದೇ ಆಕ್ಸಲ್‌ನ ಎಡ ಬಲ ಹೆಚ್ಚುಕಡಿಮೆ ಒಂದೇ ಇರಬೇಕು. ಎಡದ್ದು ಬಿಸಿಯಾಗಿ ಬಲದ್ದು ತಣ್ಣಗಿದ್ದರೆ ಬಲದ್ದು ಕೆಲಸವನ್ನೇ ಮಾಡುತ್ತಿಲ್ಲ. ಬಿಸಿ ಆಗುವುದೇ ಅದರ ಕೆಲಸ ಅಲ್ವಾ?

ಸೋತದ್ದು ಒಂದೇ ಆದರೂ ಬದಲಿಸುವಾಗ ಜೋಡಿಯಾಗಿ ಬದಲಿಸಿ. ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಹಾಕಿದರೆ ಬ್ರೇಕ್ ಹಿಡಿದಾಗ ಗಾಡಿಯ ನಡತೆ ಬೇರೆಯೇ ಆಗುತ್ತದೆ.

ಹೊಸ ಶಾಕಬ್ಸರ್ ಹಾಕಿದ ಮೇಲೂ ತೂಗುತ್ತಿದೆಯಾ? ಆಗ ಸ್ಪ್ರಿಂಗ್ ಗಟ್ಟಿ, ಶಾಕಬ್ಸರ್ ಮೆದು ಎಂದರ್ಥ. ಭಾರದ ಸ್ಪ್ರಿಂಗ್ ಹಾಕಿಸಿ ಶಾಕಬ್ಸರ್ ಮಾತ್ರ ಕಂಪನಿಯ ಮಾದರಿಯದ್ದನ್ನೇ ಇಟ್ಟುಕೊಂಡವರಲ್ಲಿ ಇದು ಸಾಮಾನ್ಯ. ಗಟ್ಟಿ ಸ್ಪ್ರಿಂಗ್ ಜೋರಾಗಿ ಬಿಚ್ಚಿಕೊಳ್ಳುತ್ತದೆ. ಅದನ್ನು ಹಿಡಿಯಲು ರೀಬೌಂಡ್ ಜಾಸ್ತಿ ಬೇಕು.

ಇನ್ನೊಂದು ಸಣ್ಣ ವಿಷಯ. ಡಬಲ್ ಟ್ಯೂಬ್ (ಕೊಳವೆಯೊಳಗೆ ಕೊಳವೆ ಇರುವ) ಶಾಕಬ್ಸರ್ ಡಬ್ಬದಲ್ಲಿ ಮಲಗಿಯೇ ಬಂದಿರುತ್ತದೆ. ಒಳಗಿನ ಗಾಳಿ ಎಣ್ಣೆಯ ಜಾಗಕ್ಕೆ ಸೇರಿರುತ್ತದೆ. ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಬಿಡಬೇಕು. ಇಲ್ಲದಿದ್ದರೆ ಮೊದಲ ದಿನ ಸ್ವಲ್ಪ ದೂರ ಪೊಳ್ಳು ಪೊಳ್ಳಾಗಿ ಆಡಿ ನಿಮ್ಮನ್ನು ಹೆದರಿಸುತ್ತದೆ.

ಲಕ್ಷಣ: ಹಿಂಭಾಗ ಕೂತುಬಿಟ್ಟಿದೆ, ಅಥವಾ ಗಾಡಿ ಒಂದು ಕಡೆ ವಾಲಿದೆ

ಇದು ಸ್ಪ್ರಿಂಗಿನ ಕಥೆ. ಇದಕ್ಕೆ ಶಾಕಬ್ಸರ್ ಖರೀದಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಗ್ಯಾಸ್ ಒತ್ತಡದಿಂದ ಗಾಡಿ ಕೂದಲೆಳೆಯಷ್ಟು ಏಳಬಹುದು, ಅಷ್ಟೇ.

ಟೇಪ್ ತಗೊಂಡು ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತದೆ. ಎಡ ಬಲ 10 ಮಿ.ಮೀ. ಆಸುಪಾಸಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಜಾಸ್ತಿ ಇದ್ದರೆ ಮುರಿದ ಕಾಯಿಲ್, ಬಿರುಕು ಬಿಟ್ಟ ಪ್ಲೇಟ್, ಜಾಗ ತಪ್ಪಿದ ಸ್ಪ್ರಿಂಗ್ ಸೀಟ್ ಹುಡುಕಿ. ಕಾಯಿಲ್‌ನ ಕೊನೆಯ ಸುತ್ತು ಮುರಿದಿದ್ದರೆ ಕೆಸರಿನಲ್ಲಿ ಕಾಣುವುದಿಲ್ಲ. ತೊಳೆದು ನೋಡಿ. ಮುರಿದಿದ್ದು ಕಂಡರೆ ಗಾಡಿ ಓಡಿಸಬೇಡಿ. ಮುರಿದ ತುದಿ ಟೈರಿಗೆ ತಾಗಬಹುದು.

ಏನೂ ಮುರಿದಿಲ್ಲದೆ ಕೂತಿದ್ದರೆ ತೂಕದ ಲೆಕ್ಕ ಮಾಡಿ. ಕಬ್ಬಿಣದ ಬಂಪರ್, ವಿಂಚ್, ಮೇಲೆ ಕ್ಯಾರಿಯರ್, ಹಿಂದೆ ಡಬ್ಬಿ ಪೆಟ್ಟಿಗೆ. ಒಂದೊಂದಾಗಿ ಸೇರಿಸುವಾಗ ಗೊತ್ತಾಗುವುದಿಲ್ಲ. ನಮ್ಮಲ್ಲಿ ಕಾಫಿ ಕೊಯ್ಲಿನ ಕಾಲದಲ್ಲಿ 50 ಕೆಜಿಯ ಎರಡು ಚೀಲ ಹಿಂದಕ್ಕೆ ಎಸೆದು ಹೊರಡುವುದೂ ಇದೆ.

ಊಹೆ ಬೇಡ, ತೂಕ ಮಾಡಿಸಿ. ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿ, ಆಮೇಲೆ ಇಡೀ ಗಾಡಿ. ಕಳೆದರೆ ಹಿಂದಿನ ತೂಕ ಸಿಗುತ್ತದೆ. ಸ್ಪ್ರಿಂಗ್ ಮಾರುವವರು “ಯಾವಾಗಲೂ ಇರುವ ಹೆಚ್ಚಿನ ಭಾರ ಎಷ್ಟು” ಎಂದೇ ಕೇಳುವುದು. ವರ್ಷಕ್ಕೆ ಎರಡು ಸಲ ಹೇರುವ ಭಾರ ಅದರಲ್ಲಿ ಸೇರಬಾರದು. ಗೆಳೆಯರೊಬ್ಬರು ತಮ್ಮ ಜಿಮ್ನಿಗೆ ಭಾರದ ಸ್ಪ್ರಿಂಗ್ ಹಾಕಿಸಿಕೊಂಡರು. ಸುಮಾರು 1,200 ಕೆಜಿ ತೂಗುವ ಗಾಡಿ ಅದು. ಒಬ್ಬರೇ ಓಡಿಸುವಾಗ ಆಡಿನ ಮರಿ ಹಾಗೆ ಜಿಗಿಯುತ್ತಿತ್ತು. ಕ್ಯಾಂಪಿಗೆ ಹೋಗುವ ನಾಲ್ಕು ದಿನ ಮಾತ್ರ ಸ್ವರ್ಗ!

ಲಕ್ಷಣ: ಹೊಸದು ಹಾಕಿದ ಮೇಲೆ ಸಣ್ಣ ಗುಂಡಿಯೂ ಬೆನ್ನಿಗೆ ಹೊಡೆಯುತ್ತದೆ

ಅತಿ ಹೆಚ್ಚು ದೂರು ಬರುವುದು ಇದಕ್ಕೇ. ಸರದಿಯಲ್ಲಿ ನೋಡುತ್ತಾ ಹೋಗೋಣ.

ಮೊದಲು ಟೈರ್. ಹೊಸ ದಪ್ಪ ಟೈರ್ ಹಾಕಿದ ಅಂಗಡಿಯವರು 40 ಪಿಎಸ್‌ಐ ತುಂಬಿ ಕಳಿಸಿರುತ್ತಾರೆ. ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿ ನೋಡಿ, ಟೈರ್ ತಣ್ಣಗಿರುವಾಗ ಅಷ್ಟಕ್ಕೆ ಇಳಿಸಿ. ನಿಧಾನಕ್ಕೆ ಹೋಗುವ ಕಲ್ಲು ಕೆಸರಿನ ದಾರಿಗೆ 18–20 ಪಿಎಸ್‌ಐವರೆಗೂ ಇಳಿಸುತ್ತಾರೆ. ಟಾರು ರಸ್ತೆಗೆ ಬರುವ ಮೊದಲು ಮತ್ತೆ ತುಂಬಲೇಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರ್ ಕಾದು ಒಡೆಯಬಹುದು, ಜೋರಾಗಿ ತಿರುಗಿಸಿದರೆ ರಿಮ್ ಬಿಟ್ಟು ಬರಬಹುದು. ನನ್ನ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ “ಸಸ್ಪೆನ್ಷನ್ ಅಪ್‌ಗ್ರೇಡ್” ಇನ್ನೊಂದಿಲ್ಲ.

ಎರಡನೆಯದು ನನ್ನ ಕಥೆ. ರಬ್ಬರ್ ಬುಷ್ ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಅದು ಜಾರುವುದಿಲ್ಲ, ತಿರುಚಿಕೊಂಡು ಕೆಲಸ ಮಾಡುತ್ತದೆ. ಗಾಡಿ ಲಿಫ್ಟ್ ಮೇಲಿದ್ದಾಗ ಚಕ್ರ ಕೆಳಗೆ ನೇತಾಡುತ್ತಿರುತ್ತದೆ. ಆ ಸ್ಥಿತಿಯಲ್ಲೇ ತೋಳಿನ ಬೋಲ್ಟ್ ಪೂರ್ತಿ ಬಿಗಿದರೆ ಬುಷ್‌ಗೆ ಅದೇ ನಡುಸ್ಥಾನ. ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ಅದರಿಂದ ಗಾಡಿ ಗಡಸಾಗುತ್ತದೆ, ಕೊಂಚ ಎತ್ತರವೂ ಕಾಣುತ್ತದೆ. ಆಮೇಲೆ ಒಂದು ದಿನ ರಬ್ಬರ್ ಹರಿಯುತ್ತದೆ. ಪರಿಹಾರ ಸುಲಭ. ಬೋಲ್ಟುಗಳನ್ನು ಸಡಿಲಿಸಿ, ಗಾಡಿಯನ್ನು ನಾಲ್ಕು ಚಕ್ರದ ಮೇಲೆ ನಿಲ್ಲಿಸಿ, ಒಂದೆರಡು ಸಲ ಕುಲುಕಿ, ಆ ಮೇಲೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಬೇಕು. ನನಗೆ ಹಾಕಿಕೊಟ್ಟವರು ಈ ಹತ್ತು ನಿಮಿಷ ಉಳಿಸಿದ್ದರು. ನೀವು ಗ್ಯಾರೇಜಿಗೆ ಹೋದಾಗ ಎದುರಿಗೇ ನಿಂತು ಕೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಮೂರನೆಯದು, ಸದಾ ಬಂಪ್ ಸ್ಟಾಪ್ (ಚಕ್ರ ಅತಿಯಾಗಿ ಮೇಲೇರದಂತೆ ತಡೆಯುವ ರಬ್ಬರ್ ತುಂಡು) ಮೇಲೆ ಕೂತಿರುವುದು. ಗಾಡಿ ತಗ್ಗಿದ್ದರೆ ಅಥವಾ ಬಂಪ್ ಸ್ಟಾಪ್ ಉದ್ದವಾಗಿದ್ದರೆ ಚಕ್ರಕ್ಕೆ ಮೇಲೇರಲು ಜಾಗವೇ ಇರುವುದಿಲ್ಲ. ನಿಂತ ಗಾಡಿಯಲ್ಲಿ ಅಲ್ಲಿ ಎಷ್ಟು ಖಾಲಿ ಇದೆ ಎಂದು ಬೆರಳಿಟ್ಟು ನೋಡಿ.

ಇವೆಲ್ಲ ಸರಿಯಿದ್ದರೆ ಕೊನೆಗೆ ಶಾಕಬ್ಸರ್‌ನ ವಾಲ್ವಿಂಗ್, ಅಂದರೆ ಒಳಗಿನ ತೂತು, ಶಿಮ್ ಹೊಂದಿಸಿದ ಬಗೆ. ಕಂಪ್ರೆಷನ್ ಜಾಸ್ತಿ ಆಗಿದೆ ಎಂದರ್ಥ. ತಡೆ ಹೆಚ್ಚು ಕಡಿಮೆ ಮಾಡುವ ಗುಬ್ಬಿ (ಅಡ್ಜಸ್ಟರ್) ಇದ್ದರೆ ಅದೃಷ್ಟ. ಇಲ್ಲದಿದ್ದರೆ ಅದು ನಿಮಗಿಂತ ಭಾರದ ಗಾಡಿಗೆ ಮಾಡಿದ ಮಾಲು.

ಲಕ್ಷಣ: ಅಲೆ ಅಲೆ ಬಿದ್ದ ಮಣ್ಣು ರಸ್ತೆಯಲ್ಲಿ ಹಿಂಭಾಗ ಜಾರುತ್ತದೆ

ಲಾರಿ ಓಡಾಡುವ ಮಣ್ಣು ರಸ್ತೆಯಲ್ಲಿ, ಒಣ ಹವೆಯಲ್ಲಿ, ನೆಲ ತಗಡಿನ ಹಾಗೆ ಸುಕ್ಕಾಗಿರುತ್ತದೆ. ಅಂಥಲ್ಲಿ ಗಾಡಿ ನಡುಗುತ್ತಾ ಪಕ್ಕಕ್ಕೆ ಸರಿಯುತ್ತದೆ. ಟೈರ್ ಗಾಳಿ ನಾಲ್ಕೈದು ಪಿಎಸ್‌ಐ ಇಳಿಸಿ, ವೇಗವನ್ನೂ ಇಳಿಸಿ. ಅಷ್ಟಕ್ಕೇ ಸರಿಹೋದರೆ ಮುಂದೆ ಓದುವ ಕೆಲಸವಿಲ್ಲ.

ಸರಿಹೋಗದಿದ್ದರೆ ಒಂದು ಗಮನಿಸಿ. ಓಡುತ್ತಾ ಓಡುತ್ತಾ ಗಾಡಿ ಇನ್ನಷ್ಟು ಗಡಸಾಗುತ್ತಾ ಹೋಗುತ್ತದೆಯಾ, ಮೈ ತಗ್ಗಿದ ಹಾಗೆ ಅನಿಸುತ್ತದೆಯಾ? ಹಾಗಿದ್ದರೆ ರೀಬೌಂಡ್ ಜಾಸ್ತಿ. ಒಂದು ಅಲೆಗೆ ಮೇಲೆದ್ದ ಚಕ್ರ ಕೆಳಗೆ ಬರುವ ಮೊದಲೇ ಇನ್ನೊಂದು ಅಲೆ ಬಂದುಬಿಡುತ್ತದೆ. ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸಿಕ್ಕಿಕೊಂಡು ಕೊನೆಗೆ ಬಂಪ್ ಸ್ಟಾಪ್ ಮೇಲೆ ಓಡುತ್ತಿರುತ್ತೀರಿ. ಇಲ್ಲಿ ಎಲ್ಲರೂ ಮಾಡುವ ತಪ್ಪು, “ನಡುಗುತ್ತಿದೆ, ಇನ್ನೂ ಟೈಟ್ ಮಾಡೋಣ” ಅನ್ನುವುದು. ಮಾಡಬೇಕಾದ್ದು ಅದರ ತದ್ವಿರುದ್ಧ. ಅಡ್ಜಸ್ಟರ್ ಇದ್ದರೆ ರೀಬೌಂಡ್ ಎರಡು ಕ್ಲಿಕ್ ಸಡಿಲಿಸಿ.

ಹಾಗಲ್ಲದೆ ಚಕ್ರ ನೆಲ ಬಿಟ್ಟು ಹಾರುತ್ತಿದ್ದರೆ, ಹಿಂದೆ ಬರುವ ಗಾಡಿಯವರಿಗೆ ಅದು ಕಣ್ಣಿಗೇ ಕಾಣುತ್ತಿದ್ದರೆ, ತಡೆ ಸಾಲದು ಅಥವಾ ಶಾಕಬ್ಸರ್ ಸತ್ತಿದೆ. ಒಬ್ಬರನ್ನು ಹಿಂದಿನ ಗಾಡಿಯಿಂದ ಮೊಬೈಲಿನಲ್ಲಿ ವಿಡಿಯೋ ಮಾಡಲು ಹೇಳಿ. ಒಳಗೆ ಕೂತು ಗಂಟೆಗಟ್ಟಲೆ ಯೋಚಿಸುವುದಕ್ಕಿಂತ ಅದು ವಾಸಿ.

ಲಕ್ಷಣ: ಲಟಕ್, ಕಟಕಟ, ಧಡ್

ಸದ್ದು ಯಾವಾಗ ಬರುತ್ತದೆ ಎನ್ನುವುದರಲ್ಲೇ ಉತ್ತರ ಇದೆ.

ಸಣ್ಣ ಒರಟಿನಲ್ಲೂ ಕಟಕಟ ಬಂದರೆ ಬುಷ್ ಹೋಗಿದೆ ಅಥವಾ ಬೋಲ್ಟ್ ಸಡಿಲ. ಗಾಡಿ ನೆಲದ ಮೇಲಿರುವಾಗಲೇ ಒಬ್ಬರು ಗಾಡಿ ಕುಲುಕಲಿ, ಇನ್ನೊಬ್ಬರು ಶಾಕಬ್ಸರ್‌ನ ಮೇಲಿನ ಕೆಳಗಿನ ಕಣ್ಣಿಗೆ (ಬೋಲ್ಟ್ ಕೂರುವ ಬಳೆಗೆ) ಬೆರಳು ತಾಗಿಸಿ ಹಿಡಿಯಲಿ. ಸಂದಿಗೆ ಬೆರಳು ತೂರಿಸಬೇಡಿ. ಬಡಿತ ಕೈಗೇ ಗೊತ್ತಾಗುತ್ತದೆ. ಹೊಸದು ಹಾಕಿ 500 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟ್ ಒಮ್ಮೆ ನೋಡಿಸಿ. ತಿರುವಿನಲ್ಲಿ ವಾಲುವುದನ್ನು ತಡೆಯುವ ದಂಡಕ್ಕೆ ಸೇರಿದ ಸ್ಟೆಬಿಲೈಸರ್ ಲಿಂಕ್ ಕೂಡ ಇದೇ ಸದ್ದು ಮಾಡುತ್ತದೆ. ಅಗ್ಗದ ಭಾಗ, ಮೊದಲು ಅದನ್ನೇ ಅನುಮಾನಿಸಿ.

ಚಕ್ರ ಕೆಳಗಿಳಿಯುವಾಗ, ಅಂದರೆ ಹಂಪ್ ದಾಟಿ ಇಳಿದ ಮೇಲೆ ‘ಲಟಕ್’ ಎಂದು ಒಂದೇ ಪೆಟ್ಟು ಬಂದರೆ ಶಾಕಬ್ಸರ್ ಪೂರ್ತಿ ಬಿಚ್ಚಿಕೊಂಡು ತುದಿಗೆ ಬಡಿಯುತ್ತಿದೆ. ಗಾಡಿ ಎತ್ತರಿಸಿ ಹಳೇ ಉದ್ದದ ಶಾಕಬ್ಸರ್ ಉಳಿಸಿಕೊಂಡಾಗ ಹೀಗಾಗುತ್ತದೆ. ಸ್ಪ್ರಿಂಗ್ ಮತ್ತು ಅದರ ತಟ್ಟೆಯ ನಡುವೆ ಎತ್ತರ ಕೊಡುವ ಬಿಲ್ಲೆ (ಸ್ಪೇಸರ್) ಇಟ್ಟಾಗಲೂ ಇದೇ ಪಾಡು. ಹೀಗೇ ಓಡಿಸಿದರೆ ಒಳಗಿನ ಪಿಸ್ಟನ್ ನಟ್ ಸಡಿಲಾಗಿ ಶಾಕಬ್ಸರ್ ಸಾಯುತ್ತದೆ.

ಗುಂಡಿಗೆ ಬಿದ್ದಾಗ ‘ಧಡ್’ ಎಂದು ಮೈಯೆಲ್ಲ ನಡುಗಿದರೆ ಅದು ತಳಕ್ಕೆ ಹೊಡೆದ ಸದ್ದು. ರಬ್ಬರ್ ಬಂಪ್ ಸ್ಟಾಪಿಗೆ ಹೊಡೆದರೆ ಮೆತ್ತಗಿನ ಧಬ್. ಲೋಹದ ಠಣ್ ಬಂದರೆ ಶಾಕಬ್ಸರೇ ಒಳಗೆ ತಳ ಮುಟ್ಟುತ್ತಿದೆ, ಅಲ್ಲಿಗೆ ನಿಲ್ಲಿಸಿ. ಪತ್ತೆಗೆ ಸುಲಭ ಉಪಾಯ ಇದೆ. ಒಳಗೆ ಹೊರಗೆ ಓಡಾಡುವ ಶಾಫ್ಟ್‌ಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಮೆತ್ತಗೆ ಕಟ್ಟಿ, ಕೆಳಗೆ ಎಣ್ಣೆ ತಡೆಯುವ ಸೀಲ್‌ವರೆಗೆ ಸರಿಸಿ, ನಿಮ್ಮ ಮಾಮೂಲಿ ದಾರಿಯಲ್ಲಿ ಹೋಗಿಬನ್ನಿ. ಟೈ ಎಲ್ಲಿಗೆ ನೂಕಿಕೊಂಡಿದೆಯೋ ಅಷ್ಟು ನೀವು ಬಳಸಿದ್ದೀರಿ. ಬಂಪ್ ಸ್ಟಾಪಿಗೆ ಗ್ರೀಸ್ ಹಚ್ಚಿದರೆ ಅದು ತಾಗಿತೋ ಇಲ್ಲವೋ ಗುರುತು ಸಿಗುತ್ತದೆ. ಬಂಪ್ ಸ್ಟಾಪಿನ ಗ್ರೀಸ್ ಅಳಿಸದೆಯೇ ಠಣ್ ಬಂದಿದ್ದರೆ ಶಾಕಬ್ಸರ್ ಉದ್ದ ಜಾಸ್ತಿಯಾಯಿತು ಎಂದರ್ಥ.

ಥಾರ್‌ನಂಥ ವಿಶ್‌ಬೋನ್ ಗಾಡಿಯ ಶಾಕಬ್ಸರ್ ನೆತ್ತಿಗೆ ಸ್ಪೇಸರ್ ಹಾಕಿಸುವವರು ಒಂದು ಲೆಕ್ಕ ತಿಳಿದಿರಬೇಕು. ತೋಳಿನ ನಡುವೆ ಶಾಕಬ್ಸರ್ ಕೂತಿರುವುದರಿಂದ ಸ್ಪೇಸರಿನ ದಪ್ಪಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಗಾಡಿ ಏಳುತ್ತದೆ. 25 ಮಿ.ಮೀ. ಹಾಕಿಸಿ ಒಂದೇ ಇಂಚು ಎಂದುಕೊಂಡಿರುತ್ತೀರಿ. ಆಗಿರುವುದು ಹತ್ತಿರ ಹತ್ತಿರ ಎರಡಿಂಚು. ಚಕ್ರ ನೇತಾಡಿದಾಗ ತೋಳಿನ ತುದಿಯ ಬಾಲ್ ಜಾಯಿಂಟ್ ಮತ್ತು ಚಕ್ರವನ್ನು ತಿರುಗಿಸುವ ಆಕ್ಸಲ್‌ನ ಸಿವಿ ಜಾಯಿಂಟ್ ಮಿತಿ ಮೀರಿ ಬಾಗುತ್ತವೆ. ಮೇಲೇರಿದಾಗ ಬಂಪ್ ಸ್ಟಾಪಿಗಿಂತ ಮೊದಲೇ ಶಾಕಬ್ಸರ್ ತಳ ಮುಟ್ಟುತ್ತದೆ. ಎರಡೂ ತುದಿಯಲ್ಲಿ ನಷ್ಟ. ನನಗೆ ಈ ಸ್ಪೇಸರ್‌ಗಳ ಮೇಲೆ ಒಲವಿಲ್ಲ.

ಲಕ್ಷಣ: ಮೊದಲು ಚೆನ್ನಾಗಿತ್ತು, ಒಂದು ಗಂಟೆ ಕಳೆದ ಮೇಲೆ ಮೆತ್ತಗಾಯಿತು

ಎಣ್ಣೆ ಕಾದು ತೆಳುವಾಗಿದೆ, ಅಥವಾ ಗಾಳಿ ಬೆರೆತು ನೊರೆಯಾಗಿದೆ. ನೊರೆಯನ್ನು ತೂತಿನಲ್ಲಿ ನೂಕಿದರೆ ತಡೆ ಎಲ್ಲಿಂದ ಬರಬೇಕು? ಅರ್ಧ ಗಂಟೆ ನಿಲ್ಲಿಸಿ. ತಣ್ಣಗಾದ ಮೇಲೆ ಸರಿಹೋದರೆ ಶಾಕಬ್ಸರ್ ಕೆಟ್ಟಿಲ್ಲ, ಕೆಲಸ ಅದರ ಅಳತೆಗೆ ಮೀರಿದೆ. ಬಿಸಿ ಶಾಕಬ್ಸರ್ ಮೇಲೆ ನೀರು ಸುರಿಯಬೇಡಿ.

ಲಡಾಖ್, ಸ್ಪಿತಿ ಕಡೆ ದಿನವಿಡೀ ಒರಟು ರಸ್ತೆಯಲ್ಲಿ ವೇಗವಾಗಿ ಓಡಿಸುವವರಿಗೆ ಇದು ನಿಜವಾದ ತೊಂದರೆ. ನಮ್ಮ ಮಲೆನಾಡಿನ ತೋಟದ ದಾರಿಯಲ್ಲಿ ಗಂಟೆಗೆ ಹತ್ತು ಹದಿನೈದು ಕಿಲೋಮೀಟರ್ ವೇಗದಲ್ಲಿ ತೆವಳುವವರಿಗೆ ಅಷ್ಟು ಬಿಸಿ ಆಗುವುದೇ ಇಲ್ಲ. ಹಾಗಿದ್ದೂ ಪಕ್ಕದಲ್ಲಿ ಹೆಚ್ಚಿನ ಎಣ್ಣೆಯ ಡಬ್ಬಿ ನೇತಾಡುವ ರಿಸರ್ವಾಯರ್ ಶಾಕಬ್ಸರೇ ಬೇಕು ಅನ್ನುತ್ತಾರೆ. ನೋಡಲು ಚೆಂದ, ಒಪ್ಪುತ್ತೇನೆ.

ಲಕ್ಷಣ: ಶಾಕಬ್ಸರ್ ಮೇಲೆ ಎಣ್ಣೆ

ಸೀಲ್ ಹತ್ತಿರ ತೆಳುವಾದ ಎಣ್ಣೆಯ ಪಸೆ, ಅದರ ಮೇಲೆ ಧೂಳು: ಚಿಂತೆ ಬೇಡ. ಒರೆಸಿ, ಒಂದು ವಾರ ಬಿಟ್ಟು ನೋಡಿ. ಮತ್ತೆ ಒದ್ದೆಯಾಗಿ ಕೆಳಗೆ ಹರಿದಿದ್ದರೆ ಸೀಲ್ ಹೋಗಿದೆ. ಕಾರಣವನ್ನೂ ಹುಡುಕಿ, ಇಲ್ಲದಿದ್ದರೆ ಹೊಸದೂ ಹಾಗೇ ಆಗುತ್ತದೆ. ಶಾಫ್ಟ್ ಮೇಲೆ ಗೀರು ಇದೆಯಾ ನೋಡಿ. ನಟ್ ಬಿಗಿಯುವಾಗ ಶಾಫ್ಟ್ ತಿರುಗಬಾರದೆಂದು ಪೈಪ್ ರೆಂಚ್ ಹಾಕಿ ಹಿಡಿಯುವವರಿದ್ದಾರೆ. ಆ ಒಂದು ಗೀರು ಸಾಕು, ಪ್ರತಿ ಏರಿಳಿತಕ್ಕೂ ಸೀಲನ್ನು ಕೊಯ್ಯುತ್ತದೆ. ಕೆಸರು ಮೆತ್ತಿ ಒಣಗಿದರೂ ಹೀಗೇ ಆಗುತ್ತದೆ. ಕೆಸರಿನಿಂದ ಬಂದ ದಿನವೇ ಬರೀ ಪೈಪ್ ನೀರಿನಲ್ಲಿ ತೊಳೆಯಿರಿ. ಪ್ರೆಷರ್ ವಾಷರನ್ನು ನೇರವಾಗಿ ಸೀಲ್‌ಗೆ ಹಿಡಿಯಬೇಡಿ.

ಸಾಮಾನ್ಯ ಡಬಲ್ ಟ್ಯೂಬ್ ಸೋರಿದರೆ ಬಿಸಾಡುವುದೇ. ಫಾಕ್ಸ್ 2.0ನಂಥ ಕೆಲವು ಮೊನೊಟ್ಯೂಬ್‌ಗಳನ್ನು ಬಿಚ್ಚಿ ಸೀಲ್ ಬದಲಿಸಿ ಮತ್ತೆ ನೈಟ್ರೊಜನ್ ತುಂಬಬಹುದು. ಅದು ಮನೆಗೆಲಸ ಅಲ್ಲ.

ಲಕ್ಷಣ: ಸ್ಟೇರಿಂಗ್ ಜೋರಾಗಿ ಅದುರುತ್ತದೆ

ಇದಕ್ಕೆ ಶಾಕಬ್ಸರ್ ಖರೀದಿಸಬೇಡಿ, ಗಾಡಿ ಓಡಿಸುವುದನ್ನೇ ನಿಲ್ಲಿಸಿ. ನಿಧಾನಕ್ಕೆ ಬ್ರೇಕ್ ಹಿಡಿದು ಪಕ್ಕಕ್ಕೆ ತನ್ನಿ. ಜಿಮ್ನಿಯಂತೆ ಮುಂದೆಯೂ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಟೈರ್ ಬ್ಯಾಲೆನ್ಸ್, ಅಡ್ಡ ರಾಡಿನ ಬುಷ್, ಕಿಂಗ್‌ಪಿನ್ ಬೇರಿಂಗ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಿನದು), ಎತ್ತರಿಸಿದ ಮೇಲೆ ತಪ್ಪಿದ ಕ್ಯಾಸ್ಟರ್ ಕೋನ (ಆ ಕೀಲಿನ ಹಿಂದು ಮುಂದಿನ ಓರೆ) ಇವೆಲ್ಲ ಕಾರಣ ಆಗಬಹುದು. ಥಾರ್‌ನಲ್ಲಿ ಟೈ ರಾಡ್ ಎಂಡ್ (ಸ್ಟೇರಿಂಗ್ ಸಲಾಕೆಯ ತುದಿಯ ಕೀಲು) ಮತ್ತು ಬಾಲ್ ಜಾಯಿಂಟ್ ಮೊದಲು ನೋಡಿಸಿ. ದಪ್ಪ ಸ್ಟೇರಿಂಗ್ ಡ್ಯಾಂಪರ್ ಹಾಕಿದರೆ ಅದುರುವುದು ಕಡಿಮೆ ಆಗುತ್ತದೆ, ರೋಗ ಒಳಗೇ ಬೆಳೆಯುತ್ತದೆ.

ಇಷ್ಟಾದ ಮೇಲೂ ಹೊಸದು ಬೇಕು ಎಂದಾದರೆ

ಬ್ರ್ಯಾಂಡ್ ಹೆಸರು ಕೊನೆಗೆ ನೋಡಿ. ಮೊದಲು ಎರಡು ಅಳತೆ ಬೇಕು: ಪೂರ್ತಿ ಬಿಚ್ಚಿದಾಗ ಉದ್ದ, ಪೂರ್ತಿ ಒತ್ತಿದಾಗ ಉದ್ದ. ಒತ್ತಿದ ಉದ್ದ ಹೇಗಿರಬೇಕೆಂದರೆ ಬಂಪ್ ಸ್ಟಾಪ್ ಚಪ್ಪಟೆಯಾದ ಮೇಲೂ ಶಾಕಬ್ಸರ್ ಒಳಗೆ ಕೊಂಚ ಜಾಗ ಉಳಿಯಬೇಕು. ಬಿಚ್ಚಿದ ಉದ್ದ ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆಯುವಷ್ಟು ಇರಬಾರದು. ಹಾಕಿಸಿದ ದಿನ ಚಕ್ರ ನೇತಾಡಿಸಿ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಅವನ್ನು ಕಣ್ಣಾರೆ ನೋಡಿ. ಮುಂದಿನ ಕೆಲಸ ಆಗಿದ್ದರೆ ಅಲೈನ್‌ಮೆಂಟ್ ಮಾಡಿಸದೆ ಮನೆಗೆ ಹೋಗಬೇಡಿ.

ಇನ್ನು ಬಗೆ. ಡಬಲ್ ಟ್ಯೂಬಿನಲ್ಲಿ ಗ್ಯಾಸ್ ಮತ್ತು ಎಣ್ಣೆ ಒಂದೇ ಕಡೆ ಇರುತ್ತವೆ. ಮೆದು ಸ್ವಭಾವ. ಕಲ್ಲಿಗೆ ಹೊಡೆದು ಹೊರಗಿನ ಕೊಳವೆ ತುಸು ತಗ್ಗಾದರೂ ಕೆಲಸ ನಡೆಯುತ್ತದೆ. ಓಲ್ಡ್ ಮ್ಯಾನ್ ಇಮುವಿನ ನೈಟ್ರೊಚಾರ್ಜರ್ ಈ ಜಾತಿ. ಐರನ್‌ಮ್ಯಾನ್, ಟಫ್ ಡಾಗ್‌ನವರ ಫೋಮ್ ಸೆಲ್‌ನಲ್ಲಿ ಗ್ಯಾಸಿನ ಬದಲು ಫೋಮ್ ಇಟ್ಟಿರುತ್ತಾರೆ, ನೊರೆ ಕಡಿಮೆ. ಮೊನೊಟ್ಯೂಬಿನಲ್ಲಿ ತೇಲುವ ಪಿಸ್ಟನ್ ಒಂದು ಗ್ಯಾಸನ್ನೂ ಎಣ್ಣೆಯನ್ನೂ ಬೇರೆ ಮಾಡಿರುತ್ತದೆ. ಬಿಸಿ ಬೇಗ ಹೊರಗೆ ಹೋಗುತ್ತದೆ. ಬಿಲ್‌ಸ್ಟೀನ್ 5100, ಫಾಕ್ಸ್ 2.0 ಈ ಸಾಲಿನವು. ಆದರೆ ಪಿಸ್ಟನ್ ಉಜ್ಜುವುದು ಹೊರಗೋಡೆಗೇ. ಕಲ್ಲೇಟಿನಿಂದ ಒಂದು ಕಡೆ ತಗ್ಗಾದರೆ ಅಲ್ಲಿಗೆ ಕಥೆ ಮುಗಿಯಿತು. ತೋಟದ ದಾರಿ, ಟಾರು ರಸ್ತೆ ಎರಡೂ ಇರುವವರಿಗೆ ನಾನು ಮೊದಲು ಹೇಳುವುದು ಒಳ್ಳೆಯ ಡಬಲ್ ಟ್ಯೂಬ್ ಅಥವಾ ಫೋಮ್ ಸೆಲ್. ನನ್ನದು ಮೊನೊಟ್ಯೂಬ್ ಎಂದು ನೀವು ನೆನಪಿಸಬೇಕಾಗಿಲ್ಲ!

ಅದೇ ಅಳತೆಯ ಶಾಕಬ್ಸರ್ ಬದಲಿಸುವುದು ಬೇರೆ, ಗಾಡಿ ಎತ್ತರಿಸುವುದು ಬೇರೆ. ನೋಂದಣಿಯಲ್ಲಿರುವ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ವಾರಂಟಿ, ಇನ್ಶೂರೆನ್ಸ್ ಎರಡನ್ನೂ ಮೊದಲೇ ವಿಚಾರಿಸಿ.

ಕ್ಲಿಕ್ ತಿರುಗಿಸುವ ಕ್ರಮ

ಒಂದು ನೋಟ್‌ಬುಕ್, ಟೈರ್ ಗೇಜ್, ಮತ್ತು ಎರಡು ಮೂರು ಕಿಲೋಮೀಟರಿನ ಒಂದೇ ರಸ್ತೆ. ಅದರಲ್ಲಿ ಒಂದು ಹಂಪ್, ಒಂದಷ್ಟು ಗುಂಡಿ, ಒಂದು ತಿರುವು ಇದ್ದರೆ ಸಾಕು. ಅಡ್ಜಸ್ಟರ್ ಗುಬ್ಬಿಯನ್ನು ಮೆತ್ತಗೆ ಪೂರ್ತಿ ಗಟ್ಟಿ ಕಡೆಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಎಷ್ಟು ಕ್ಲಿಕ್ ಎಂದು ಎಣಿಸಿ ಬರೆದಿಡಿ. ತುದಿಯಲ್ಲಿ ಒತ್ತಿ ತಿರುಗಿಸಿದರೆ ಒಳಗಿನ ಸೂಜಿ ಹಾಳಾಗುತ್ತದೆ.

ನಡುವಿನಿಂದ ಶುರು ಮಾಡಿ. ಮೊದಲು ರೀಬೌಂಡ್. ಹಂಪ್ ದಾಟಿದ ಮೇಲೆ ಒಮ್ಮೆ ಎದ್ದು ಕೂರುವವರೆಗೆ ಎರಡೆರಡು ಕ್ಲಿಕ್ ಗಟ್ಟಿ ಮಾಡಿ, ಅಲ್ಲಿಗೆ ನಿಲ್ಲಿಸಿ. ಆಮೇಲೆ ಕಂಪ್ರೆಷನ್. ತಳ ಮುಟ್ಟದಷ್ಟು ಇರಲಿ, ಅದಕ್ಕಿಂತ ಜಾಸ್ತಿ ಬೇಡ. ಒಂದು ಸಲಕ್ಕೆ ಒಂದೇ ಬದಲಾವಣೆ, ಎಡ ಬಲ ಯಾವಾಗಲೂ ಸಮ. ಹಲವು ಶಾಕಬ್ಸರ್‌ಗಳಲ್ಲಿ ಒಂದೇ ಗುಬ್ಬಿ ಎರಡನ್ನೂ ಬದಲಿಸುತ್ತದೆ. ಅಂಥದ್ದರಲ್ಲಿ ರೀಬೌಂಡ್ ಸರಿಯಾದ ಕಡೆ ನಿಲ್ಲಿಸಿ, ಉಳಿದದ್ದನ್ನು ಟೈರ್ ಗಾಳಿಯಲ್ಲಿ ಸರಿ ಮಾಡಿಕೊಳ್ಳಿ.

“ಲೋ ಸ್ಪೀಡ್”, “ಹೈ ಸ್ಪೀಡ್” ಎಂದು ಎರಡು ಗುಬ್ಬಿ ಇದ್ದರೆ ಮೋಸ ಹೋಗಬೇಡಿ. ಅದು ಗಾಡಿಯ ವೇಗ ಅಲ್ಲ, ಶಾಫ್ಟ್ ಓಡಾಡುವ ವೇಗ. ಬ್ರೇಕ್ ಹಾಕಿದಾಗ ಮೂತಿ ಮುಳುಗುವುದು ಲೋ ಸ್ಪೀಡ್. ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಚೂಪು ಕಲ್ಲಿಗೆ ಹತ್ತಿದರೂ ಅದು ಹೈ ಸ್ಪೀಡ್.

ಖಾಲಿ ಗಾಡಿಗೆ ಒಂದು, ತುಂಬಿದ ಗಾಡಿಗೆ ಒಂದು, ಹೀಗೆ ಎರಡು ಲೆಕ್ಕ ಬರೆದಿಡಿ. ನನ್ನ ಈಗಿನ ಮೊನೊಟ್ಯೂಬಿಗೆ ಗುಬ್ಬಿಯೇ ಇಲ್ಲ. ಬುಷ್ ಬದಲಿಸಿ, ಗಾಡಿ ನೆಲದ ಮೇಲಿಟ್ಟು ಬೋಲ್ಟ್ ಬಿಗಿಸಿ, ಮುಂದೆ 28, ಹಿಂದೆ 26 ಪಿಎಸ್‌ಐ ಇಟ್ಟುಕೊಂಡಿದ್ದೇನೆ. ತೋಟದ ದಾರಿಯಲ್ಲಿ ಹಿಂದೆ ಕೂರುವ ಅಮ್ಮ ಈಗ ಬೈಯುವುದು ನನ್ನ ಡ್ರೈವಿಂಗಿಗೆ ಮಾತ್ರ.